ಕುದುರೆಯಿಂದ ಇಳಿಯದವನು

ಥಾರ್ನ್‌ವಿಕ್‌ನ ಧಣಿ ಫಲ್ಕ್ ಅವೆರಿಲ್ ಸತ್ತದ್ದು ಯುದ್ಧದಲ್ಲಲ್ಲ, ತನ್ನ ಗೋರಿಗೆ ಅಳತೆ ಕೊಡಲು ಹೋಗಿ.

ಗೋರಿಯ ಮೇಲೆ ಮಲಗುವ ಕಲ್ಲಿನ ವಿಗ್ರಹ ತನ್ನಂತೆಯೇ ಇರಬೇಕು, ಅಂದರೆ ತಾನು ಇರಬೇಕಾಗಿದ್ದಂತೆ ಇರಬೇಕು ಎಂದು ಅವನ ಹಟ. ಕ್ರಿಸ್ಮಸ್ ಕಳೆದು ಮೂರನೆಯ ವಾರ. ಟ್ರೆಂಟ್ ಹೊಳೆಯ ಅಂಚು ಹೆಪ್ಪುಗಟ್ಟಿ ಬಾತುಕೋಳಿಗಳು ನೀರು ಹುಡುಕಿಕೊಂಡು ಕಾಲ್ನಡಿಗೆಯಲ್ಲಿ ಹೊರಟಿದ್ದ ದಿನ. ಅಂಥ ದಿನ ಮೈತುಂಬ ಉಕ್ಕಿನ ಕವಚ ತೊಟ್ಟು, ಚರ್ಚಿನ ನೆಲಗಲ್ಲಿನ ಮೇಲೆ ಅಂಗಾತ ಮಲಗಿ, ಕೈ ಜೋಡಿಸಿಕೊಂಡು, ಬೆಳಗಿನಿಂದ ಮಧ್ಯಾಹ್ನದವರೆಗೆ ಅಲುಗದೆ ಇದ್ದ. ಕಲ್ಲುಕುಟಿಗ ದಾರ ಹಿಡಿದು ಅಳೆಯುತ್ತಿದ್ದ. ನಡುನಡುವೆ ಧಣಿ ಒಂದು ಕಣ್ಣು ತೆರೆದು, "ಹೊಟ್ಟೆ ಸ್ವಲ್ಪ ಕಮ್ಮಿ ಮಾಡಪ್ಪ. ಗದ್ದ ಸ್ವಲ್ಪ ಜಾಸ್ತಿ ಇರ್ಲಿ" ಎನ್ನುತ್ತಿದ್ದ. ಸಂಜೆಗೆ ನೆಗಡಿಯಾಯಿತು. ನೆಗಡಿ ಎದೆಗಿಳಿಯಿತು. ಒಂಬತ್ತನೆಯ ದಿನ ಧಣಿ ಹೋದ. ಇಪ್ಪತ್ತಾರು ವರ್ಷ ಸೈನಿಕನೆಂದು ಹೆಸರು ಹೊತ್ತವನನ್ನು ಕೊನೆಗೆ ಕೊಂದದ್ದು ಒಂದು ಚಪ್ಪಡಿ ಕಲ್ಲು.

ಆ ದಿನ ಅವನಿಗೆ ಕವಚ ತೊಡಿಸಿದವನು ಹ್ಯಾಮಂಡ್. ಇಪ್ಪತ್ತಾರು ವರ್ಷದಿಂದ ತೊಡಿಸಿದವನೂ ಅವನೇ. ನೇಗಿಲು ಹಿಡಿಯುವವರ ಮನೆಯಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಬಿಲ್ಲು ಹೆಗಲಿಗೇರಿಸಿ ಧಣಿಯ ಹಿಂದೆ ಫ್ರಾನ್ಸಿಗೆ ಹೋದವನು, ಬಿಲ್ಲು ಮೂಲೆಗೆ ಬಿದ್ದು, ಧಣಿಯ ಪಟ್ಟಿಗಳನ್ನು ಬಿಗಿಯುವುದರಲ್ಲೇ ತಲೆ ನರೆಸಿಕೊಂಡಿದ್ದ. ಯಾವ ಪಟ್ಟಿಗೆ ಎಷ್ಟನೆಯ ತೂತು ಎಂದು ಅವನ ಬೆರಳಿಗೆ ಗೊತ್ತಿತ್ತು. ಹೊಟ್ಟೆಯ ಪಟ್ಟಿಗೆ ಮಾತ್ರ ಎರಡು ವರ್ಷಕ್ಕೊಮ್ಮೆ ಹೊಸ ತೂತು ಕೊರೆಯಬೇಕಾಗುತ್ತಿತ್ತು.

ಧಣಿಯ ಶೌರ್ಯದ ಕಥೆ ಊರಿಗೆಲ್ಲ ಬಾಯಿಪಾಠ, ಹೇಳಿದವನು ಧಣಿಯೇ. ಫ್ರಾನ್ಸಿನಲ್ಲಿ ಸೇಂಟ್ ಮಾರೆ ಎಂಬ ಕೋಟೆಯನ್ನು ನಲವತ್ತು ಜನರನ್ನು ಇಟ್ಟುಕೊಂಡು ಎಪ್ಪತ್ತು ದಿನ ಕಾದದ್ದು, ಏಣಿ ಹತ್ತಿ ಬಂದವರನ್ನು ಕೈಯಾರೆ ಕೆಳಕ್ಕೆ ನೂಕಿದ್ದು, ಕುದುರೆ ಮಾಂಸ ತಿಂದು ಬದುಕಿದ್ದು. ಹಬ್ಬದ ಊಟಕ್ಕೆ ನೆಂಟರು ಕೂತಾಗಲೆಲ್ಲ ಈ ಕಥೆ ಬರಲೇಬೇಕು. ಹ್ಯಾಮಂಡ್ ಹಿಂದೆ ಹೂಜಿ ಹಿಡಿದು ನಿಂತಿರುತ್ತಿದ್ದ. "ಹೌದೋ ಅಲ್ವೋ, ಹ್ಯಾಮಂಡ್?" ಎಂದು ಧಣಿ ಹಿಂದಿರುಗಿ ನೋಡದೆಯೇ ಕೇಳುವನು. "ಹೌದು ಬುದ್ದೀ" ಎಂದು ಇವನು ಹೇಳುವನು. ಈ ಎರಡು ಮಾತಿಗೆ ಅವನಿಗೆ ವರ್ಷಕ್ಕೊಂದು ಅಂಗಿ, ದಿನವೂ ಧಣಿಯ ತಟ್ಟೆಯಲ್ಲಿ ಉಳಿದ ತಣ್ಣನೆಯ ಕುರಿಮಾಂಸ.

ಕೋಟೆ ಎಪ್ಪತ್ತು ದಿನ ನಿಂತದ್ದೇನೋ ನಿಜ. ಅರವತ್ತೊಂಬತ್ತು ದಿನ ಅದರ ಹತ್ತಿರ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಎಪ್ಪತ್ತನೆಯ ದಿನ ಬೆಳಿಗ್ಗೆ ಗುಡ್ಡದ ಮೇಲೆ ಫ್ರೆಂಚರ ಬಾವುಟ ಕಂಡಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಧಣಿ ಬೀಗದ ಕೈ ಕಳಿಸಿಕೊಟ್ಟ. ತನ್ನ ಬೆಳ್ಳಿ ತಟ್ಟೆಗಳನ್ನೂ ಗರಿಯ ಹಾಸಿಗೆಯನ್ನೂ ಹೇರಿಕೊಂಡು ಹೋಗಲು ಎರಡು ಗಾಡಿ ಬಿಡಬೇಕು ಎಂಬುದೊಂದೇ ಅವನ ಷರತ್ತು. ಕವಚದ ಮೇಲೆ ಒಂದು ಗೀರೂ ಇರಲಿಲ್ಲ. ಅದು ಧಣಿಗೆ ಹೊಳೆದದ್ದು ಕ್ಯಾಲೆ ಬಂದರಿನಲ್ಲಿ ಹಡಗಿಗೆ ಕಾಯುತ್ತಿದ್ದಾಗ. ಕಮ್ಮಾರನ ಅಡಿಗಲ್ಲಿನ ಮೇಲೆ ಎದೆಕವಚ ಇಡಿಸಿ, ಹ್ಯಾಮಂಡನ ಕೈಗೆ ದುಂಡು ಸುತ್ತಿಗೆ ಕೊಟ್ಟು, ತಾನು ಪಕ್ಕದಲ್ಲಿ ನಿಂತು ಹೇಳಿಕೊಟ್ಟ: "ಇಲ್ಲೊಂದು ಹಾಕು. ಎದೆ ಹತ್ರ. ಹೊಟ್ಟೆ ಮೇಲೆ ಬೇಡ, ಚೆನ್ನಾಗಿ ಕಾಣಲ್ಲ."

ಮುಂದೆ ಇಂಗ್ಲೆಂಡಿನಲ್ಲೇ ಇಬ್ಬರು ರಾಜರು ಒಂದು ಗದ್ದುಗೆಗೆ ಕಿತ್ತಾಡತೊಡಗಿದಾಗ, ಧಣಿಯ ಮೇಲಂಗಿಗೆ ಹ್ಯಾಮಂಡ್ ಎರಡು ಮಗ್ಗುಲಲ್ಲೂ ಹೊಲಿಗೆ ಹಾಕಿದ: ಹೊರಗಡೆ ಒಬ್ಬ ರಾಜನ ಗುರುತು, ಒಳಗಡೆ ಇನ್ನೊಬ್ಬನದು. ಹಿಮ ಸುರಿಯುವ ಭಾನುವಾರ ಉತ್ತರದಲ್ಲಿ ಆ ದೊಡ್ಡ ಕದನ ನಡೆದು, ಹಳ್ಳದ ನೀರು ಮೂರು ದಿನ ಕೆಂಪಾಗಿ ಹರಿಯಿತಂತೆ. ಧಣಿ ಅಲ್ಲಿಂದ ಎಂಟು ಮೈಲಿ ಈಚೆ ಒಂದು ಛತ್ರದಲ್ಲಿ ಹೊಟ್ಟೆನೋವೆಂದು ಮಲಗಿದ್ದ. ಯಾರು ಗೆದ್ದರೆಂಬ ಸುದ್ದಿ ಬಂದ ಮೇಲೆ ನೋವು ನಿಂತಿತು. ಎದ್ದು, ಅಂಗಿಯ ಯಾವ ಮಗ್ಗುಲು ಹೊರಗಿರಬೇಕೋ ಅದನ್ನು ಹೊರಗೆ ಹಾಕಿಕೊಂಡು, ಗೆದ್ದವರ ಜೊತೆ ಊಟಕ್ಕೆ ಕೂತ.

ಇದನ್ನೆಲ್ಲ ಹ್ಯಾಮಂಡ್ ಯಾರಿಗೂ ಹೇಳಿದವನಲ್ಲ. ಹೆಂಡತಿ ಸಿಬಿಲ್‌ಗೆ ಮಾತ್ರ ಹೇಳಿದ್ದ. ಅವಳು ಕೇಳಿ ಉಗುಳಿದ್ದಳು. ಧಣಿಯ ಹೆಸರಿಗೋ, ಗಂಡನ ಹೆಸರಿಗೋ ಅವನು ಕೇಳಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದುದಕ್ಕೆ ಕಾರಣ ಬಾತುಗುಂಡಿ.

ಬಾತುಗುಂಡಿ ಎಂಬುದು ಹೊಳೆಯ ಮಗ್ಗುಲಿನ ಹದಿನೆಂಟು ಎಕರೆ ನೆಲ. ಕೋಟೆ ಒಪ್ಪಿಸಿ ಬರುವ ದಾರಿಯಲ್ಲಿ ಧಣಿಗೆ ರಕ್ತಭೇದಿ ಹತ್ತಿತು. ಗಾಡಿಗಳೆರಡರಲ್ಲೂ ಬೆಳ್ಳಿ, ಹಾಸಿಗೆ ತುಂಬಿದ್ದರಿಂದ ಧಣಿಗೆ ಜಾಗವಿರಲಿಲ್ಲ. ಯಾವುದನ್ನೂ ಇಳಿಸಲು ಅವನು ಒಪ್ಪಲಿಲ್ಲ. ಹ್ಯಾಮಂಡ್ ಅವನನ್ನು ಬೆನ್ನ ಮೇಲೆ ಹೊತ್ತು ಒಂಬತ್ತು ಮೈಲಿ ಜೌಗು ನಡೆದ. ಆಗ ಧಣಿ ಅವನ ಕಿವಿಯ ಹತ್ತಿರ ಅಳುತ್ತ, "ಊರು ಸೇರಿದ್ರೆ ಬಾತುಗುಂಡಿ ನಿಂದು ಕಣೋ. ನಿಂದು, ನಿನ್ನ ಹೆಂಡ್ತೀದು, ನೀವು ಬದುಕಿರೋ ತನಕ" ಎಂದ.

ಆಗ ಅಲ್ಲಿ ಬೆಳೆಯುತ್ತಿದ್ದುದು ಆಪುಹುಲ್ಲು, ಕಪ್ಪೆ. ಗಂಡ ಧಣಿಯ ಹಿಂದೆ ಅಲೆಯುತ್ತಿದ್ದ ವರ್ಷಗಳಲ್ಲಿ ಸಿಬಿಲ್ ಒಬ್ಬಳೇ ಅದಕ್ಕೆ ಕಾಲುವೆ ತೋಡಿದಳು. ಹೊಳೆಯ ನೀರು ನುಗ್ಗದಂತೆ ಬದು ಹಾಕಿ, ಬದು ಕುಸಿಯದಂತೆ ಅದರ ಮೇಲೆ ನೀರಂಚಿನಲ್ಲಿ ಬೇರು ಬಿಡುವ ಮರಗಳನ್ನು ಬೆಳೆಸಿದಳು. ಸುಣ್ಣಮಣ್ಣಿನ ಗುಂಡಿಯಿಂದ ಬುಟ್ಟಿ ಬುಟ್ಟಿಯಾಗಿ ಮಣ್ಣು ತಂದು ಹರಡಿದಳು. ಚರ್ಚಿನ ಗೋಪುರದಿಂದ ಪಾರಿವಾಳದ ಹಿಕ್ಕೆ ಕೆರೆದು ತಂದಳು. ನಾಲ್ಕನೆಯ ವರ್ಷ ಅಷ್ಟಿಷ್ಟು ಬಟಾಣಿ ಬಂತು. ಹತ್ತನೆಯ ವರ್ಷಕ್ಕೆ ಇಡೀ ಥಾರ್ನ್‌ವಿಕ್‌ನಲ್ಲಿ ಅದಕ್ಕಿಂತ ಒಳ್ಳೆಯ ಬೀನ್ಸ್ ಹೊಲ ಇರಲಿಲ್ಲ.

ಆದರೆ ಅದು ಅವರದಾಗಿರಲಿಲ್ಲ. ಊರಿನ ಪದ್ಧತಿಯಲ್ಲಿ ಹೊಲ ಕೈಗೆ ಬರುವುದು ಮಾತಿನಿಂದಲ್ಲ, ಕೋಲಿನಿಂದ. ಧಣಿಯ ಕಚೇರಿ ಕೂತಾಗ ಧಣಿಯ ಪರವಾಗಿ ಪಾರುಪತ್ತೇಗಾರ ಒಂದು ಕೋಲಿನ ತುದಿ ಹಿಡಿಯಬೇಕು. ಹೊಲ ಪಡೆಯುವವನು ಇನ್ನೊಂದು ತುದಿ ಹಿಡಿಯಬೇಕು. ಊರಿನ ಒಕ್ಕಲು ಕಣ್ಣಾರೆ ನೋಡಬೇಕು. ಆಮೇಲೆ ರಾಜ ಬಂದರೂ ಬಿಡಿಸುವ ಹಾಗಿಲ್ಲ. ಹ್ಯಾಮಂಡ್ ನೆನಪಿಸಿದಾಗಲೆಲ್ಲ ಧಣಿ, "ಮುಂದಿನ ಕಚೇರಿಗೆ ಮಾಡೋಣ" ಎನ್ನುತ್ತಿದ್ದ. ವರ್ಷಕ್ಕೆರಡು ಕಚೇರಿ. ಹದಿನಾಲ್ಕು ವರ್ಷ ಕಳೆಯಿತು. ಕೊಟ್ಟುಬಿಟ್ಟರೆ "ಹೌದು ಬುದ್ದೀ" ಎನ್ನುವವನು ಇಲ್ಲವಾದಾನು ಎಂಬ ಲೆಕ್ಕ ಧಣಿಯದು. ಕೋಟೆ ಕಾಯಲು ಬಾರದವನಿಗೆ ಇಂಥದು ಚೆನ್ನಾಗಿ ಬರುತ್ತಿತ್ತು.

ಧಣಿ ಸತ್ತ ವಾರ ಹ್ಯಾಮಂಡ್, ಸಿಬಿಲ್ ಇಬ್ಬರೂ ಬಾತುಗುಂಡಿಯಲ್ಲಿ ಉಳುತ್ತಿದ್ದರು. ಮಂಜು ಕರಗಿ ಮಣ್ಣು ಹದಕ್ಕೆ ಬಂದಿತ್ತು. ಪಾರುಪತ್ತೇಗಾರ ಕ್ರಿಸ್ಪಿನ್ ಬೂಟಿಗೆ ಕೆಸರು ತಾಗದಂತೆ ಬದುವಿನ ಮೇಲೇ ನಿಂತು ಕೂಗಿದ.

"ಹ್ಯಾಮಂಡ್, ಬುಧವಾರ ಮಣ್ಣು. ಕವಚ ತೊಟ್ಟು ಕುದುರೆ ಮೇಲೆ ಬರೋದು ನೀನೇ ಅಂತ ಚಿಕ್ಕ ಧಣಿಗಳು ಹೇಳಿದ್ದಾರೆ."

ದೊಡ್ಡ ಮನೆತನದ ಸೈನಿಕ ಸತ್ತರೆ ಅವನ ಕವಚ ತೊಟ್ಟ ಒಬ್ಬ, ಅವನದೇ ಕುದುರೆಯೇರಿ ಚರ್ಚಿನ ಒಳಕ್ಕೆ ಬರಬೇಕು. ಪೂಜೆಯ ಮೆಟ್ಟಿಲ ಮುಂದೆ ಇಳಿದು, ಲಗಾಮನ್ನು ಪಾದ್ರಿಯ ಕೈಗೆ ಕೊಡಬೇಕು. ಕುದುರೆ ದೇವರಿಗೆ, ಅಂದರೆ ಪಾದ್ರಿಗೆ. ಅದಾಗದೆ ಮುಂದಿನ ಪೂಜೆಯಿಲ್ಲ. ಸತ್ತವನ ಜೀವ ಹೊಸ್ತಿಲು ದಾಟುವುದಿಲ್ಲ.

"ನಾನ್ಯಾಕೆ? ಚಿಕ್ಕ ಧಣಿಗಳ ಹತ್ರ ಅಷ್ಟು ಜನ ಗಂಡಾಳುಗಳಿಲ್ವ?"

"ಅವರೆಲ್ಲ ಉದ್ದ ಕಣಯ್ಯ. ಹೋದೋರು ಗಿಡ್ಡ. ನೀನೂ ಗಿಡ್ಡ. ಅಳತೆಗೆ ಸರಿಹೋಗ್ತೀಯ."

ಸಿಬಿಲ್ ಎತ್ತಿನ ಮೂಗಿನ ಮುಂದೆ ನಿಂತಿದ್ದವಳು ಅಲ್ಲಿಂದಲೇ ಅಂದಳು: "ಬದುಕಿದ್ದಾಗ ಅವನನ್ನ ಹೊತ್ತಿದ್ದಾಯ್ತು. ಈಗ ಅವನ ಬದಲು ಹೆಣಾನೂ ಆಗ್ಬೇಕಾ?"

"ಹೆಣ ಅಲ್ಲಮ್ಮ, ಧಣಿ. ಕುದುರೆ ಮೇಲಿರೋ ತನಕ ನಿನ್ನ ಗಂಡ ನಿನ್ನ ಗಂಡ ಅಲ್ಲ, ಫಲ್ಕ್ ಅವೆರಿಲ್ ಪ್ರಭುಗಳು. ಊರೆಲ್ಲ ಮಂಡಿಯೂರುತ್ತೆ. ಯಾರಿಗುಂಟು ಯಾರಿಗಿಲ್ಲ?" ಕ್ರಿಸ್ಪಿನ್ ನೇಗಿಲ ಸಾಲುಗಳನ್ನು ನೋಡಿದ. "ಮತ್ತೆ, ಇಲ್ಲಿ ಬಿತ್ತಬೇಡಿ. ಮಣ್ಣಾದ ಮಾರನೇ ದಿನ ಇಲ್ಲಿಗೆ ಕುರಿ ಬರ್ತವೆ. ಮುನ್ನೂರು. ಚಿಕ್ಕ ಧಣಿಗಳಿಗೆ ಉಣ್ಣೆ ಕಡೆ ಮನಸ್ಸು."

ಹ್ಯಾಮಂಡ್ ನೇಗಿಲಿನ ಹಿಡಿ ಬಿಟ್ಟ. "ದೊಡ್ಡ ಧಣಿ ಇದನ್ನ ನಮಗೆ ಕೊಟ್ಟವ್ರೆ."

"ಕೋಲು ಹಿಡಿದೆಯೇನು?"

"ಮಾತು ಕೊಟ್ಟಿದ್ರು."

"ಯಾರ ಮುಂದೆ?"

ಯಾರ ಮುಂದೆ? ಇಬ್ಬರು ಗಾಡಿಯವರ ಮುಂದೆ. ಅವರಿಬ್ಬರೂ ಕ್ಯಾಲೆ ಮುಟ್ಟುವ ಮೊದಲೇ ಅದೇ ಭೇದಿಯಲ್ಲಿ ಸತ್ತಿದ್ದರು. ಉಳಿದ ಸಾಕ್ಷಿಯೆಂದರೆ ಗರಿಯ ಹಾಸಿಗೆ. ಕ್ರಿಸ್ಪಿನ್ ಬೂಟು ನೋಡಿಕೊಂಡು ಹೊರಟುಹೋದ.

ಚಿಕ್ಕ ಧಣಿಯೆಂದರೆ ಸತ್ತವನ ತಮ್ಮನ ಮಗ ಲಯನೆಲ್. ಇಪ್ಪತ್ತನಾಲ್ಕು ವರ್ಷ, ತೆಳ್ಳನೆಯ ಕಾಲು, ಅದನ್ನು ತೋರಿಸುವ ಬಿಗಿಯಾದ ಕಾಲುಚೀಲ. ಮಧ್ಯಾಹ್ನ ಹ್ಯಾಮಂಡ್ ಟೋಪಿ ಕೈಯಲ್ಲಿ ಹಿಡಿದು ಹೋದಾಗ ಅವನು ಶೋಕಕ್ಕೆಂದು ಹೊಲಿಸಿದ ಕಪ್ಪು ಮೇಲಂಗಿಗಳನ್ನು ಒಂದೊಂದಾಗಿ ಹಾಕಿ ತೆಗೆಯುತ್ತಿದ್ದ. ಕೇಳಿ ನಕ್ಕ.

"ದೊಡ್ಡಪ್ಪ ಎಲ್ಲರಿಗೂ ಎಲ್ಲಾ ಕೊಡೋರು ಕಣೋ. ನನಗೆ ಫ್ರಾನ್ಸಲ್ಲಿ ಒಂದು ಕೋಟೆ ಕೊಡ್ತೀನಿ ಅಂದಿದ್ರು. ಹೋಗಿ ಇಸ್ಕೊಳ್ಳಲಾ?" ಎಂದು ದರ್ಜಿಯ ಕಡೆ ತಿರುಗಿ, "ತೋಳು ಇನ್ನೊಂಚೂರು ಇಳಿಬೀಳ್ಲಿ" ಎಂದ. ಮತ್ತೆ ಹ್ಯಾಮಂಡ್ ಇನ್ನೂ ನಿಂತಿರುವುದು ಕಂಡು, "ಬುಧವಾರ ಕುದುರೆ ನೆಟ್ಟಗೆ ನಡಸು. ನೆಂಟರೆಲ್ಲ ನೋಡ್ತಿರ್ತಾರೆ. ಒಂದು ಹೊತ್ತು ಬಿಸಿ ಊಟ ಹಾಕಿಸ್ತೀನಿ" ಎಂದ.

ಹ್ಯಾಮಂಡ್ ಮನೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದ. ಸಿಬಿಲ್ ಸೌಟಿನಿಂದ ಬಾರ್ಲಿ ಗಂಜಿ ಬಡಿಸುತ್ತಿದ್ದಳು.

"ಮತ್ತೆ ಹೋಗ್ತೀಯಾ, ಬುಧವಾರ?"

"ಹೋಗ್ದೆ ಇದ್ರೆ ಈ ಗುಡಿಸಲೂ ಹೋಗುತ್ತೆ."

"ಹೋಗು, ಹೋಗು. ಬಿಸಿ ಊಟ ಬೇರೆ ಅಂತೆ." ಬಟ್ಟಲನ್ನು ಅವನ ಮುಂದೆ ಕುಕ್ಕಿದಳು. "ಹದಿನಾಲ್ಕು ವರ್ಷ ನಾನು ಮಣ್ಣು ಹೊತ್ತೆ. ನೀನೇನು ಹೊತ್ತೆ? ಹೂಜಿ."

ಅವನು ಬಟ್ಟಲು ಎಳೆದುಕೊಂಡು ಗಂಜಿ ಕುಡಿದ.

ಬುಧವಾರ ಬೆಳಿಗ್ಗೆ ಧಣಿಯ ಲಾಯದಲ್ಲಿ ಒಂದು ಹೊಸ ತೊಡಕು ಎದುರಾಯಿತು. ಕವಚ ತೊಡಿಸುವುದು ಗೊತ್ತಿದ್ದವನು ಊರಿನಲ್ಲಿ ಒಬ್ಬನೇ. ಆ ಒಬ್ಬನೇ ಈಗ ಕವಚ ತೊಡಬೇಕಾದವನು. ತನಗೆ ತಾನೇ ಬೆನ್ನ ಪಟ್ಟಿ ಬಿಗಿದುಕೊಳ್ಳುವುದು ಆಗದ ಮಾತು. ಕೊನೆಗೆ ಸಿಬಿಲ್‌ಳನ್ನೇ ಕರೆಸಿದರು. ಎತ್ತಿನ ನೊಗ ಕಟ್ಟಿ ಅಭ್ಯಾಸವಾದ ಕೈ. ಹೇಳಿದ ಪಟ್ಟಿಯನ್ನು ಹೇಳಿದ ತೂತಿಗೆ ಎಳೆದು ಕೂರಿಸಿದಳು. ಹೊಟ್ಟೆಯ ಹತ್ತಿರ ಒಂದು ದಿಂಬು ಹಿಡಿಸುವಷ್ಟು ಜಾಗ ಉಳಿಯಿತು.

"ಥೂ, ಏನು ವಾಸ್ನೆ ಇದು?"

"ಅವರ ಬೆವರು."

"ಯುದ್ಧಾನೇ ಮಾಡದೋನಿಗೆ ಇಷ್ಟು ಬೆವರು ಎಲ್ಲಿಂದ ಬಂತು?"

"ಹೆದರಿಕೇದು ಕಣೆ. ಹೆದರಿಕೆ ಬೆವರು ಹೀಗೇ ನಾರೋದು."

ಅವಳು ಶಿರಸ್ತ್ರಾಣ ಎತ್ತಿ ಅವನ ತಲೆಯ ಮೇಲಿಡುವ ಮುಂಚೆ ಒಂದು ಗಳಿಗೆ ಮುಖ ನೋಡಿದಳು. ಆಮೇಲೆ ಮುಖದ ಮುಚ್ಚಳ ಕೆಳಗಿಳಿಸಿ ಹೊರಟುಹೋದಳು.

ಲಿಯಾರ್ಡ್ ಎಂಬ ಬೂದು ಕುದುರೆ ಯುದ್ಧದ ಕುದುರೆಯಲ್ಲ. ಮೆರವಣಿಗೆಗೆಂದು ಕೊಂಡದ್ದು, ಓಟ್ಸ್ ತಿಂದು ಪೀಪಾಯಿಯಾದದ್ದು. ಅದರ ಮೇಲೆ ಕೂತು, ಬೆರಳಗಲದ ಸಂದಿಯಿಂದ ಲೋಕವನ್ನು ನೋಡುತ್ತ ಹ್ಯಾಮಂಡ್ ಚರ್ಚಿನ ದೊಡ್ಡ ಬಾಗಿಲು ಹೊಕ್ಕ. ಒಳಗೆ ಕಪ್ಪು ಬಟ್ಟೆ, ಪಂಜು ಹಿಡಿದ ಬಡವರು, ನೂರಾರು ಮೇಣದಬತ್ತಿ. ನೆಲಗಲ್ಲಿನ ಮೇಲೆ ಗೊರಸಿನ ಸದ್ದು ಸುತ್ತಿಗೆ ಹೊಡೆದಂತೆ ಏಳುತ್ತಿತ್ತು. ಅವನು ಸಾಗುತ್ತ ಹೋದಂತೆ ಎರಡೂ ಕಡೆ ಜನ ಮಂಡಿಯೂರಿದರು. ಗಿರಣಿಯವನು, ಕಮ್ಮಾರ, ಹಂದಿ ಕಾಯುವವನು. ಹ್ಯಾಮಂಡನನ್ನು ಧಣಿಯ ಎಂಜಲು ತಿನ್ನುವವನೆಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ ಮುಖಗಳೇ ಎಲ್ಲ. ಉಕ್ಕಿನ ಮುಂದೆ ಇಷ್ಟು ಬೇಗ ಮಡಚಿಕೊಳ್ಳುವ ಮೊಣಕಾಲುಗಳನ್ನು ಕಂಡು ಅವನಿಗೆ ಅಸಹ್ಯವಾಯಿತು. ತನ್ನವು ಇಪ್ಪತ್ತಾರು ವರ್ಷ ಹೀಗೇ ಮಡಚಿದ್ದವಲ್ಲ ಎಂದು ಇನ್ನಷ್ಟು ಅಸಹ್ಯವಾಯಿತು.

ನಡುವೆ ಕುದುರೆ ಮೇಣದಬತ್ತಿಗೆ ಬೆದರಿ ಲದ್ದಿ ಹಾಕಿತು. ಯಾರೋ ನಕ್ಕು, ನಗುವನ್ನು ಕೆಮ್ಮಿಗೆ ತಿರುಗಿಸಿದರು.

ಪೂಜೆಯ ಮೆಟ್ಟಿಲ ಮುಂದೆ ಶವದ ಪೆಟ್ಟಿಗೆ. ಪಕ್ಕದಲ್ಲಿ ಪಾದ್ರಿ ಡನ್‌ಸ್ಟನ್. ಅವರ ಹೆಣ್ಣುಕುದುರೆ ಕುಂಟಾಗಿ ಆರು ತಿಂಗಳಾಗಿತ್ತು, ಕಣ್ಣು ಆಗಲೇ ಲಿಯಾರ್ಡ್‌ನ ಕಾಲುಗಳ ಮೇಲಿತ್ತು. ಬಲಗಡೆ ಮುಂದಿನ ಸಾಲಿನಲ್ಲಿ ಲಯನೆಲ್, ಅವನ ಸೋದರಮಾವ ಹೊಳೆಯಾಚೆಯ ಧಣಿ, ಉಳಿದ ನೆಂಟರು. ಎಡಗಡೆ ಕ್ರಿಸ್ಪಿನ್, ಸಾವಿನ ಮನೆಯ ಪಾರುಪತ್ತೇಗಾರ ಹಿಡಿಯಬೇಕಾದ ಬಿಳಿಯ ಕೋಲು ಹಿಡಿದು.

ಹ್ಯಾಮಂಡ್ ಇಳಿಯಬೇಕೆಂದೇ ಬಂದಿದ್ದ. ರಿಕಾಪಿನಿಂದ ಬಲಗಾಲು ಬಿಡಿಸಿಯೂ ಬಿಟ್ಟಿದ್ದ. ಅಷ್ಟರಲ್ಲಿ ಸಂದಿಯೊಳಗೆ ಲಯನೆಲ್‌ನ ಮುಖ ಬಂತು. ಅವನು ದೊಡ್ಡಪ್ಪನ ಪೆಟ್ಟಿಗೆಯನ್ನಾಗಲಿ ಕುದುರೆಯನ್ನಾಗಲಿ ನೋಡುತ್ತಿರಲಿಲ್ಲ. ತನ್ನ ಮೇಲಂಗಿಯ ಇಳಿಬಿದ್ದ ತೋಳನ್ನು ನೋಡಿಕೊಳ್ಳುತ್ತಿದ್ದ. ಹ್ಯಾಮಂಡನ ಬಲಗಾಲು ಮತ್ತೆ ರಿಕಾಪಿಗೆ ಹೋಯಿತು.

"ಇಳಿಯಪ್ಪ" ಎಂದರು ಪಾದ್ರಿ, ತುಟಿ ಅಲುಗಿಸದೆ.

ಅವನು ಕೂತೇ ಇದ್ದ.

"ಹ್ಯಾಮಂಡ್, ಯಾಕೋ? ಪಟ್ಟಿ ಸಿಕ್ಕೊಂಡ್ತಾ?"

"ಇಲ್ಲ ಪಾದ್ರಿಗಳೇ."

"ಮತ್ತೆ?"

"ಬಾತುಗುಂಡಿ ಕೊಟ್ಟಿಲ್ಲ. ಕೊಟ್ಟು ಇಳೀಬೇಕು."

ಮೆಲ್ಲಗೆ ಆಡಿದ ಮಾತೇ. ಆದರೆ ಶಿರಸ್ತ್ರಾಣದೊಳಗಿಂದ ಅದು ಬಾವಿಯೊಳಗಿಂದ ಬಂದಂತೆ ಗುಂಯ್‌ಗುಟ್ಟಿ, ಹಿಂದಿನ ಕಂಬದವರೆಗೂ ಕೇಳಿಸಿತು. ಕಂಬದ ಹತ್ತಿರ ಕೂತಿದ್ದ, ಕಣ್ಣು ಮಂಜಾದ ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆ ಎಳೆದುಕೊಂಡು ಕಿರುಚಿದಳು: "ಅಯ್ಯೋ, ಧಣಿ ಮಾತಾಡ್ತಾವ್ರೆ!"

"ಸುಮ್ನಿರಜ್ಜಿ, ಅದು ಹ್ಯಾಮಂಡ."

"ನಂಗೊತ್ತು ಬಿಡೋ, ಧಣೀನೇ! ಬದುಕಿದ್ದಾಗ ಮರ್ತಿದ್ದು ಸತ್ತ ಮೇಲೆ ನೆನಪಾಗೈತೆ ನೋಡು."

ಈ ಸಲದ ನಗು ಕೆಮ್ಮಾಗಲಿಲ್ಲ. ಲಯನೆಲ್ ತೋಳು ಬಿಟ್ಟು ತಲೆಯೆತ್ತಿದ. ಕಿವಿ ಕೆಂಪಾಗಿತ್ತು. "ಎಳೆದು ಹಾಕ್ರೋ ಅವನನ್ನ!"

ಇಬ್ಬರು ಆಳುಗಳು ಮುಂದೆ ಬಂದರು. ಪಾದ್ರಿ ಅಡ್ಡ ಕೈ ಚಾಚಿದರು. "ಚರ್ಚಿನೊಳಗೆ ಕೈ ಮಾಡಿ ಒಂದು ಹನಿ ರಕ್ತ ಬಿದ್ರೂ, ಬಿಷಪ್ಪರು ಬಂದು ಶುದ್ಧಿ ಮಾಡೋ ತನಕ ಇಲ್ಲಿ ಪೂಜೆ ಇಲ್ಲ, ಮಣ್ಣೂ ಇಲ್ಲ. ಬಿಷಪ್ಪರು ಲಂಡನ್ನಲ್ಲವ್ರೆ. ದೊಡ್ಡಪ್ಪನ್ನ ಈಸ್ಟರ್ ತನಕ ಮನೇಲಿಟ್ಕೋತೀರಾ ಧಣೀ?" ಅವರಿಗೆ ಧರ್ಮಕ್ಕಿಂತ 'ಕುದುರೆಯ ಕಾಲಿಗೆ ಏಟು ಬೀಳಬಾರದು' ಎಂಬುದೇ ದೊಡ್ಡದಾಗಿತ್ತು, ಆದರೂ ಹೇಳಿದ್ದು ಸುಳ್ಳಲ್ಲ. ಆಳುಗಳು ನಿಂತರು.

ಕ್ರಿಸ್ಪಿನ್ ಹತ್ತಿರ ಬಂದು, "ಲೋ, ಹುಚ್ಚಾಟ ಬಿಡು. ಬಾತುಗುಂಡಿ ಕೊಡೋಕೆ ನೀನ್ಯಾರೋ?" ಎಂದ.

"ನೀವೇ ಹೇಳಿದ್ರಲ್ಲ ಸ್ವಾಮಿ. ಕುದುರೆ ಮೇಲಿರೋ ತನಕ ನಾನು ನಾನಲ್ಲ, ಫಲ್ಕ್ ಅವೆರಿಲ್ ಪ್ರಭುಗಳು ಅಂತ." ಹ್ಯಾಮಂಡ್ ಈಗ ಬೇಕೆಂದೇ ದನಿ ಎತ್ತಿದ. "ಊರೆಲ್ಲ ಮಂಡಿಯೂರ್ತಲ್ಲ, ಯಾರಿಗೆ ಊರ್ತು? ಹ್ಯಾಮಂಡನಿಗಾ? ಆಗ ಯಾರ ಮುಂದೆ ಕೊಟ್ರು ಅಂತ ಕೇಳಿದ್ರಿ. ಈಗ ಎಲ್ಲರ ಮುಂದೆ ಕೊಡ್ತಾವ್ರೆ, ಕೇಳ್ಕೊಳ್ಳಿ."

ಊರಿನವರಲ್ಲಿ ಒಂದು ಗುಜುಗುಜು ಹರಿಯಿತು. ಅರ್ಧ ಜನಕ್ಕೆ ಇದು ತಮಾಷೆ. ಇನ್ನರ್ಧ ಜನಕ್ಕೆ ಅಲ್ಲ: ಕೊಟ್ಟ ಮಾತು ಬಾಕಿಯಿಟ್ಟವನು ನೆಮ್ಮದಿಯಾಗಿ ಮಲಗುವುದಿಲ್ಲ, ಹೊಲದ ಬದುವಿನ ಮೇಲೆ ನಡೆಯುತ್ತಾನೆ, ಹಸುಗಳ ಹಾಲು ಇಂಗಿಸುತ್ತಾನೆ ಎಂದು ಅವರು ಬಲ್ಲರು. ಗಿರಣಿಯವನು ಎದ್ದು ನಿಂತು, "ಕೊಟ್ಬಿಡಿ ಧಣೀ, ನಮ್ಗೆ ಯಾಕೆ ಆ ಪೀಡೆ" ಎಂದ.

ಲಯನೆಲ್‌ನ ಸೋದರಮಾವ ಇಷ್ಟು ಹೊತ್ತೂ ಕಂಬಕ್ಕೊರಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದ. ನಲವತ್ತು ಮೈಲಿ ಬಂದಿದ್ದು ಸತ್ತವನ ಮೇಲಿನ ಪ್ರೀತಿಯಿಂದಲ್ಲ. ಥಾರ್ನ್‌ವಿಕ್‌ನ ಅಡಿಗೆಮನೆಯಲ್ಲಿ ಎರಡು ಹಂಸ ಬೇಯುತ್ತಿವೆ ಎಂದು ಕೇಳಿದ್ದ.

"ಅಳಿಯಾ, ಎಷ್ಟು ದೊಡ್ಡದಯ್ಯ ಅದು, ಆ ಗುಂಡಿ?"

"ಹದಿನೆಂಟು ಎಕರೆ ಮಾವ. ಕೆಸರು."

"ಹದಿನೆಂಟು ಎಕರೆ ಕೆಸರಿಗೆ ನಮ್ಮನ್ನೆಲ್ಲ ಈ ಚಳೀಲಿ ನಿಲ್ಲಿಸಿದ್ಯಾ? ಕೊಟ್ಟು ಕಳ್ಸೋ. ಹಂಸ ಆರಿದ್ರೆ ತೊಗಲು ತಿಂದ ಹಾಗಿರುತ್ತೆ."

ನೆಂಟರ ಸಾಲಿನಲ್ಲಿ ತಲೆಗಳು ಆಡಿದವು. ಫ್ರಾನ್ಸಿನ ಕೋಟೆ ಊಟಕ್ಕೆ ಮುಂಚೆ ಬಿದ್ದಿತ್ತು. ಅವೆರಿಲ್ ಮನೆತನದಲ್ಲಿ ಅದು ರಕ್ತದಲ್ಲೇ ಇತ್ತೇನೋ. ಲಯನೆಲ್ ಹಲ್ಲು ಕಚ್ಚಿ ಕ್ರಿಸ್ಪಿನ್ ಕಡೆ ಕೈ ಬೀಸಿದ.

ಆದರೆ ಕ್ರಿಸ್ಪಿನ್ ಕಚೇರಿಯಲ್ಲಿ ಪಳಗಿದವನು. ಬಿಳಿ ಕೋಲನ್ನು ಅಡ್ಡ ಹಿಡಿದು, ಕುದುರೆಯ ಮೇಲಿದ್ದವನ ಕಡೆ ನೋಡಿ ನಿಧಾನವಾಗಿ ಮುಗುಳ್ನಕ್ಕ.

"ಆಗ್ಲಿ ಬುದ್ದೀ. ತಾವು ಧಣಿಗಳು, ಒಪ್ಪಿದೆ. ಧಣಿಗಳ ಕಡೆ ತುದಿ ನಾನು ಹಿಡಿದಿದೀನಿ. ತಗೊಳ್ಳೋ ಹ್ಯಾಮಂಡ್ ಎಲ್ಲಿ? ಕುದುರೆ ಮೇಲಿರೋ ತನಕ ಅವನಿಲ್ಲ. ಇಳಿದ್ರೆ ಕೊಡೋ ಧಣಿ ಇಲ್ಲ. ಕೊಡೋನೂ ತಾವೇ, ತಗೊಳ್ಳೋನೂ ತಾವೇ ಅಂದ್ರೆ ಯಾವ ಕಚೇರಿ ಒಪ್ಪುತ್ತೆ?"

ಉಕ್ಕಿನೊಳಗೆ ಹ್ಯಾಮಂಡನ ಬೆನ್ನಿನಲ್ಲಿ ಬೆವರು ಹರಿಯಿತು. ಇಷ್ಟು ದೂರ ಅವನು ಯೋಚಿಸಿರಲಿಲ್ಲ, ಏನನ್ನೂ ಯೋಚಿಸಿರಲಿಲ್ಲ. ಸಂದಿಯಲ್ಲಿ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಲಯನೆಲ್‌ನ ಹಲ್ಲು ಕಾಣತೊಡಗಿತ್ತು. ಆಗ ಹೆಂಗಸರ ಕಡೆಯಿಂದ ಮರದ ಅಟ್ಟೆಯ ಚಪ್ಪಲಿ ಟಪಟಪ ಸದ್ದು ಮಾಡುತ್ತ ಬಂತು.

"ನಾನಿದೀನಲ್ಲ" ಎಂದಳು ಸಿಬಿಲ್.

"ನೀನ್ಯಾಕಮ್ಮ?"

"ಯಾಕೆ ಅಂದ್ರೆ? ಊರಲ್ಲಿ ಕೋಲು ಹಿಡಿದ ಹೆಂಗಸ್ರು ಇಲ್ವ? ಕಮ್ಮಾರನ ತಾಯಿ ಹಿಡೀಲಿಲ್ವ? ಧಣಿ ಯಾರಿಗೆ ಕೊಡ್ತೀನಿ ಅಂತಾರೋ ಕೇಳಿ ನೋಡಿ."

ಎಲ್ಲ ಮುಖಗಳೂ ಕುದುರೆಯ ಕಡೆ ತಿರುಗಿದವು. ಹ್ಯಾಮಂಡ್ ಸಂದಿಯೊಳಗಿಂದ ಹೆಂಡತಿಯನ್ನು ನೋಡಿದ. ತೊಳೆದರೂ ಹೋಗದ ಮಣ್ಣಿನ ಗೆರೆಗಳ ಕೈ. ಬುಟ್ಟಿ ಹೊತ್ತು ಒಂದು ಕಡೆ ವಾಲಿದ ಸೊಂಟ. ಹದಿನಾಲ್ಕು ವರ್ಷ ಧಣಿಯ ಬಾಯಿಗೆ ಬಾರದಿದ್ದ ಮಾತನ್ನು ಧಣಿಯ ಶಿರಸ್ತ್ರಾಣ ಹೇಳಿತು.

"ಬಾತುಗುಂಡಿ, ಬದುವಿನಿಂದ ಹೊಳೆ ತನಕ, ಸಿಬಿಲ್‌ಗೆ. ಅವಳು ಬದುಕಿರೋ ತನಕ."

ಕ್ರಿಸ್ಪಿನ್ ಲಯನೆಲ್‌ನನ್ನು ನೋಡಿದ. ಲಯನೆಲ್ ಮಾವನನ್ನು ನೋಡಿದ. ಮಾವ ಬಾಗಿಲ ಕಡೆ ನೋಡುತ್ತಿದ್ದ. ಕೋಲಿನ ತುದಿ ಮೆಲ್ಲಗೆ ಮುಂದೆ ಬಂತು. ಸಿಬಿಲ್ ಅದನ್ನು ಎರಡೂ ಕೈಯಲ್ಲಿ, ಗುದ್ದಲಿ ಹಿಡಿದ ಹಾಗೆ ಹಿಡಿದಳು. "ನೋಡಿದ್ರೇನ್ರಯ್ಯ ಎಲ್ಲಾರೂ?" ಎಂದು ತಿರುಗಿ ಕೇಳಿದಳು. "ನೋಡಿದ್ವಿ" ಎಂದಿತು ಊರು. ಕಣ್ಣು ಮಂಜಾದ ಮುದುಕಿಯೂ ನೋಡಿದೆನೆಂದಳು.

ಆಮೇಲೆ ಹ್ಯಾಮಂಡ್ ಇಳಿದ. ಇಳಿಯುವಾಗ ಕವಚದ ಭಾರಕ್ಕೆ ವಾಲಿ ಪಾದ್ರಿಯ ಮೇಲೆ ಬಿದ್ದ. ಪಾದ್ರಿ ಅವನನ್ನು ಬಿಟ್ಟು ಲಗಾಮು ಹಿಡಿದುಕೊಂಡರು. ಪೂಜೆ ಮುಂದುವರಿಯಿತು. ಫಲ್ಕ್ ಅವೆರಿಲ್‌ನನ್ನು, ಜೀವಮಾನದಲ್ಲಿ ಒಂದು ಮಾತು ಉಳಿಸಿಕೊಂಡ ಹೊಸ ಹೆಸರಿನೊಂದಿಗೆ, ನೆಲದೊಳಕ್ಕೆ ಇಳಿಸಿದರು. ಹಂಸ ಆರಿತ್ತೆಂದು ನೆಂಟರು ಗೊಣಗಿದರಂತೆ. ಹ್ಯಾಮಂಡನಿಗೆ ಬಿಸಿ ಊಟ ಯಾರೂ ಹಾಕಲಿಲ್ಲ.

ಮಾರನೆಯ ಬೆಳಿಗ್ಗೆ ಕುರಿಗಳು ಬಂದವು. ಯಾರೂ ಬೇಡವೆಂದು ಹೇಳಿ ಕಳಿಸಿರಲಿಲ್ಲ. ಹೇಳಿ ಕಳಿಸದಿದ್ದರೆ ಏನಾಗುತ್ತದೆಂದು ನೋಡುವ ಬುದ್ಧಿ ದೊಡ್ಡಮನೆಗೆ ಇನ್ನೂ ಇತ್ತು. ಮುನ್ನೂರು ಕುರಿ ಬದುವಿನ ಹತ್ತಿರ ಒತ್ತಿ ನಿಂತು ಅರಚುತ್ತಿದ್ದವು. ಕುರುಬ ಬೇಲಿಯ ಗಳ ಎತ್ತಲು ಬಗ್ಗಿದ್ದ.

"ಮುಟ್ಬೇಡ" ಎಂದಳು ಸಿಬಿಲ್. "ಹೊಲ ನಂದು."

"ಪಾರುಪತ್ತೇಗಾರರು..."

"ಅವರೇ ನಂಗೆ ಕೋಲು ಹಿಡಿಸಿದ್ದು. ನೀನೂ ಅಲ್ಲೇ ಇದ್ದೆ, 'ನೋಡಿದ್ವಿ' ಅಂತ ಎಲ್ಲರಿಗಿಂತ ಜೋರಾಗಿ ಕೂಗ್ದೋನು ನೀನೇ. ಒಂದು ಕುರಿ ಒಳಗೆ ಕಾಲಿಟ್ರೂ ಅದರ ತೊಗಲು ನಂದು."

ಕುರುಬ ತಲೆ ಕೆರೆದುಕೊಂಡ. ನೆನ್ನೆ ನೋಡಿದ್ದನ್ನು ಇಂದು ನೋಡಿಲ್ಲ ಎನ್ನುವುದು ಧಣಿಗಳಿಗೆ ಸಲೀಸು, ಅವನಿಗೆ ಇನ್ನೂ ಅಭ್ಯಾಸವಿರಲಿಲ್ಲ. ನಾಯಿಗೆ ಸಿಳ್ಳೆ ಹಾಕಿದ. ಮಂದೆ ತಿರುಗಿ, ಬಂದ ದಾರಿಯ ಕೆಸರನ್ನೇ ಮತ್ತೆ ತುಳಿಯುತ್ತ ಹೋಯಿತು.

ಹ್ಯಾಮಂಡ್ ನೇಗಿಲ ಸಾಲಿನಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಪಟ್ಟಿ ಬಿಗಿದ ಕಡೆಯಲ್ಲೆಲ್ಲ ಮೈ ನೀಲಿಗಟ್ಟಿತ್ತು. 'ನಂದು' ಎಂದಳೇ ಹೊರತು 'ನಮ್ಮದು' ಎನ್ನಲಿಲ್ಲ ಎಂಬುದು ಅವನಿಗೆ ಕೇಳಿಸಿತ್ತು. ತಪ್ಪೇನೂ ಕಾಣಲಿಲ್ಲ.

ಸಿಬಿಲ್ ಬಂದು ಬೀನ್ಸ್ ಬೀಜದ ಬುಟ್ಟಿಯನ್ನೂ ಗುಳಿ ಹಾಕುವ ಗೂಟವನ್ನೂ ಅವನ ಕೈಗೆ ಕೊಟ್ಟಳು.

"ಬರುತ್ತಾ ನಿಂಗೆ?"

"ಮರ್ತುಹೋಗಿದೆ."

"ಎರಡು ಬೆರಳು ಆಳ. ಗುಳಿಗೆ ಮೂರು ಕಾಳು. ಮಣ್ಣು ಮುಚ್ಚಿ ಹಿಮ್ಮಡೀಲಿ ಒತ್ತು, ಇಲ್ದಿದ್ರೆ ಕಾಗೆ ಬಿಡಲ್ಲ."

ಅವನು ಬಗ್ಗಿ ಮೊದಲ ಗುಳಿ ಹಾಕಿದ. ಅವಳು ಬೆರಳಿಟ್ಟು ನೋಡಿ, "ಆಳ ಜಾಸ್ತಿ ಆಯ್ತು" ಎಂದಳು. ಅವನು ಅದನ್ನು ಮುಚ್ಚಿ, ಪಕ್ಕದಲ್ಲಿ ಇನ್ನೊಂದು ಹಾಕಿದ.